ಮಿರಜ್‌ನ ಚಳಿ

ಬೊಂಬಾಯಿಯಲ್ಲಿ ಚಳಿಗಾಲ ಎಂಬುದೊಂದು ಇದೆಯೇ ಎಂದು ಕೇಳಿದರೆ ನಗು ಬರುತ್ತದೆ. ಡಿಸೆಂಬರಿನಲ್ಲಿ ಎರಡು ವಾರ ಬೆಳಗಿನ ಲೋಕಲ್ ಗಾಡಿಯ ಬಾಗಿಲಲ್ಲಿ ಸ್ವಲ್ಪ ತಣ್ಣಗೆ ಗಾಳಿ ಬೀಸಿದರೆ ಅದೇ ನಮ್ಮ ಚಳಿಗಾಲ. ಕುಂದಾಪುರದ ಕಡೆಯಿಂದ ಬಂದ ನನ್ನಂಥವರ ಪೆಟ್ಟಿಗೆಯಲ್ಲಿ ಸ್ವೆಟರ್ ಇರುತ್ತಲೇ ಇರಲಿಲ್ಲ. ಊರಿನಲ್ಲೂ ಬೇಡ, ಇಲ್ಲಿಯೂ ಬೇಡ. ಎರಡರ ನಡುವಿನ ದಾರಿಗೆ ಮಾತ್ರ ಬೇಕಿತ್ತು ಎಂದು ನನಗೆ ಗೊತ್ತಾದದ್ದು 1984ರ ಡಿಸೆಂಬರಿನಲ್ಲಿ, ಮಿರಜ್ ಸ್ಟೇಷನ್ನಿನಲ್ಲಿ.

ಭೂಪಟ ನೋಡಿದರೆ ಮುಂಬಯಿ ಮತ್ತು ಮಂಗಳೂರು ಒಂದೇ ಕಡಲಿನ ದಂಡೆಯಲ್ಲಿವೆ. ಮಂಗಳೂರಿಗೆ ಮದ್ರಾಸಿನ ಕಡೆಯಿಂದ 1907ರಲ್ಲೇ ರೈಲು ಬಂದಿತ್ತು. ಮುಂಬಯಿಯ ಕಡೆಯಿಂದ ಬರಲು ಮತ್ತೆ ತೊಂಬತ್ತೊಂದು ವರ್ಷ ಬೇಕಾಯಿತು. ಅಲ್ಲಿಯವರೆಗೆ ನಮ್ಮವರು ಊರಿಗೆ ಹೋದದ್ದು ಸುತ್ತುದಾರಿಯಲ್ಲಿ. ಹಳಬರು ಹಡಗಿನಲ್ಲಿ ಬರುತ್ತಿದ್ದರು. ಮಳೆಗಾಲ ಹಿಡಿಯಿತೆಂದರೆ ಹಡಗು ಬಂದ್. ಉಳಿದವರು ಆಗುಂಬೆ ಘಾಟಿ ಹತ್ತಿ ಶಿವಮೊಗ್ಗಕ್ಕೆ, ಅಲ್ಲಿಂದ ರೈಲಿನಲ್ಲಿ ಬೀರೂರಿಗೆ, ಬೀರೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಪುಣೆಗೆ. ಅಲ್ಲಿಯವರೆಗೆ ಮೀಟರ್ ಗೇಜ್. ಪುಣೆಯಲ್ಲಿ ಇಳಿದು ದೊಡ್ಡ ಗಾಡಿ ಹತ್ತಬೇಕು. 1971ರಲ್ಲಿ ಪುಣೆಯಿಂದ ಮಿರಜ್‌ವರೆಗೆ ಬ್ರಾಡ್ ಗೇಜ್ ಆದ ಮೇಲೆ ಈ ಇಳಿದು ಹತ್ತುವ ಕೆಲಸ ಮಿರಜ್‌ಗೆ ವರ್ಗವಾಯಿತು, ಅಷ್ಟೇ. ಹೋಟೆಲಿನಲ್ಲಿ ದುಡಿಯುವ ಹುಡುಗರು ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದರು ಎಂದರೆ ಅದು ಹಣದ ಲೆಕ್ಕ ಮಾತ್ರವಲ್ಲ. ಹೋಗಿ ಬರುವುದಕ್ಕೇ ನಾಲ್ಕೈದು ದಿನ ಕಳೆದುಹೋದರೆ ಮಾಲೀಕರು ಎಷ್ಟು ಸಲ ರಜೆ ಕೊಟ್ಟಾರು?

ನನಗೆ ತಾರು ಬಂದದ್ದು ಬ್ಯಾಂಕಿಗೆ, ಮಧ್ಯಾಹ್ನ ಮೂರು ಗಂಟೆಗೆ. 'ಫಾದರ್ ಸೀರಿಯಸ್ ಸ್ಟಾರ್ಟ್ ಇಮೀಡಿಯಟ್ಲಿ.' ಸೀರಿಯಸ್ ಎಂಬ ಶಬ್ದಕ್ಕೆ ತಾರಿನ ಭಾಷೆಯಲ್ಲಿ ಏನು ಅರ್ಥ ಎಂಬುದು ಹೊರನಾಡಿನಲ್ಲಿ ಇದ್ದ ಎಲ್ಲರಿಗೂ ಗೊತ್ತು. ಆದರೂ 'ಸೀರಿಯಸ್ ಅಂತ ತಾನೇ ಬರೆದಿದ್ದಾರೆ' ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳಬಹುದು. ಆ ಒಂದು ಶಬ್ದದ ಉಪಕಾರ ಅದು. ಊರಿನ ಬಸ್ಸುಗಳಲ್ಲಿ ಜಾಗವಿಲ್ಲ. ಕ್ರಿಸ್‌ಮಸ್ ಹತ್ತಿರ, ಮಂಗಳೂರಿನ ಕ್ರೈಸ್ತರು ತಿಂಗಳ ಮೊದಲೇ ಎಲ್ಲ ಸೀಟು ಹಿಡಿದಿದ್ದರು. ಬಜ್ಪೆಗೆ 1951ರಿಂದಲೇ ವಿಮಾನವಿತ್ತು, ಆದರೆ ಅದು ಗುಮಾಸ್ತರ ವಾಹನವಲ್ಲ. ಯಾರಲ್ಲಾದರೂ ಸಾಲ ಮಾಡಿ ಹೋಗಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಆ ಸಂಜೆ ಮಾತ್ರ ಅದು ತಲೆಗೇ ಹೊಳೆಯಲಿಲ್ಲ. ಸಹೋದ್ಯೋಗಿಯೊಬ್ಬರು ಕೈಗೆ ಇನ್ನೂರು ರೂಪಾಯಿ ತುರುಕಿದರು. ರಾತ್ರಿ ವಿ.ಟಿ.ಯಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ಹತ್ತಿದೆ.

ಘಾಟ್ ಹತ್ತಿ ಪುಣೆ ದಾಟಿದ ಮೇಲೆ ಚಳಿ ಶುರುವಾಯಿತು. ಕಿಟಕಿ ಪೂರ್ತಿ ಮುಚ್ಚುವುದಿಲ್ಲ. ಬಾಗಿಲ ಹತ್ತಿರ ಕುಳಿತ ನನಗೆ ಆಫೀಸಿನ ಅರ್ಧ ತೋಳಿನ ಅಂಗಿ. ಸಾತಾರದ ಕಡೆಯ ಒಬ್ಬ ಮುದುಕರು ತಮ್ಮ ಕಂಬಳಿಯ ಅರ್ಧ ನನ್ನ ಮೊಣಕಾಲಿನ ಮೇಲೆ ಎಳೆದರು. ಮರಾಠಿಯಲ್ಲಿ ಏನೂ ಕೇಳಲೂ ಇಲ್ಲ. ಬೆಳಗಿನ ಜಾವ ಮಿರಜ್‌ನಲ್ಲಿ ಇಳಿದಾಗ ಹಲ್ಲು ಕಟಕಟ ಎನ್ನುತ್ತಿತ್ತು. ಮೀಟರ್ ಗೇಜಿನ ಗಾಡಿ ಬರಲು ಇನ್ನೂ ಹೊತ್ತಿತ್ತು. ಚಹದ ಗಾಡಿಯ ಸ್ಟೌವಿನ ಸುತ್ತ ಏಳೆಂಟು ಜನ ನಿಂತಿದ್ದೆವು. ಅವರಲ್ಲಿ ಇಬ್ಬರು ನಮ್ಮ ಕಡೆಯವರೇ, ಥಾಣೆಯ ಹೋಟೆಲಿನ ಕೆಲಸದವರು. 'ನೀವೂ ಊರಿಗಾ?' ಎಂದು ಕೇಳಿದರು. ಹೌದೆಂದೆ. ಯಾಕೆ ಎಂದು ನಾನು ಹೇಳಲಿಲ್ಲ.

ಆ ಸಣ್ಣ ಗಾಡಿ ಬೆಳಗಾವಿ, ಲೋಂಡಾ ಎಂದು ನಿಲ್ಲುತ್ತಾ ಹುಬ್ಬಳ್ಳಿ ಮುಟ್ಟುವಾಗ ಸಂಜೆ. ಅಲ್ಲಿಂದ ಕೆಂಪು ಬಸ್ಸು. ಯಲ್ಲಾಪುರ, ಅರಬೈಲು ಘಾಟಿ, ಅಂಕೋಲಾ, ಹೊನ್ನಾವರ. ಘಾಟಿ ಇಳಿಯುತ್ತಿದ್ದಂತೆ ಚಳಿ ಬಿಟ್ಟಿತು. ವಿ.ಟಿ. ಬಿಟ್ಟು ಸುಮಾರು ಮೂವತ್ತೈದು ಗಂಟೆಯಾದ ಮೇಲೆ ಮನೆಯ ಅಂಗಳದಲ್ಲಿ ನಿಂತೆ. ಹಿಂದಿನ ದಿನವೇ ಎಲ್ಲ ಮುಗಿದಿತ್ತು. ಹಿರಿಯ ಮಗ ನಾನು, ಕೊಳ್ಳಿ ಇಟ್ಟವನು ತಮ್ಮ. ಅಮ್ಮ ಅಳಲಿಲ್ಲ, 'ಬಪ್ಪುಕೆ ಇಷ್ಟ್ ಹೊತ್ತಾ ಮಗಾ?' ಎಂದರು. ಬೈದದ್ದಲ್ಲ, ನಿಜವಾಗಿಯೂ ಕೇಳಿದ್ದು. ಬೊಂಬಾಯಿ ಎಷ್ಟು ದೂರ ಎಂದು ಅವರಿಗೆ ಗೊತ್ತಿರಲಿಲ್ಲ.

ಕೊಂಕಣ ರೈಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ, ಆದರೂ ಬ್ಯಾಂಕಿನವನಾಗಿ ಒಂದು ಮಾತು ಹೇಳಬೇಕು. ಆ ದಾರಿ ಬೇಕೆಂದು ಮಧು ದಂಡವತೆಯಂಥವರು ವರ್ಷಗಟ್ಟಲೆ ಹೇಳುತ್ತಾ ಬಂದರು, ಹಣವೇ ಇರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನಾಯಕರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಪ್ರತ್ಯೇಕ ಕಂಪೆನಿಯೇ ಆಯಿತು. ಬಂಡವಾಳದಲ್ಲಿ ರೈಲ್ವೆಗೆ 51 ಪಾಲು, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ಆರಾರು. ಖರ್ಚಾದದ್ದು ಸುಮಾರು 3,500 ಕೋಟಿ. ಅದರ ದೊಡ್ಡ ಭಾಗ ಬಂದದ್ದು ತೆರಿಗೆಯಿಲ್ಲದ ಬಾಂಡುಗಳಿಂದ. ನಮ್ಮ ಶಾಖೆಗೆ ಬರುತ್ತಿದ್ದ ಹೋಟೆಲ್ ಮಾಲೀಕರೊಬ್ಬರು ಬಡ್ಡಿ ಎಷ್ಟು ಎಂದು ಕೇಳದೆ, 'ಇದರಲ್ಲಿ ನಮ್ಮೂರಿಗೆ ಹಳಿ ಬರ್ತದಾ ಇಲ್ವಾ, ಅಷ್ಟು ಹೇಳಿ' ಎಂದಿದ್ದರು. ಬಾಂಡನ್ನು ಹಾಗೆ ನೋಡುವುದು ಎಂಕಾಂ ಪುಸ್ತಕದಲ್ಲಿ ಇಲ್ಲ.

ಇ. ಶ್ರೀಧರನ್ ಮುಂದೆ ನಿಂತು ಮಾಡಿಸಿದರು. ಮಂಗಳೂರು–ಉಡುಪಿ ನಡುವೆ 1993ರಲ್ಲೇ ಗಾಡಿ ಓಡಿತು. ಗೋವಾದಲ್ಲಿ ದಾರಿ ಎಲ್ಲಿ ಹಾಯಬೇಕೆಂಬ ಜಗಳ, ಪೆರ್ನೆಂ ಸುರಂಗದ ಮೆದು ಮಣ್ಣು ಮತ್ತೆ ಮತ್ತೆ ಕುಸಿದದ್ದು, ಇವುಗಳಿಂದ ಕೊನೆಯ ತುಂಡು ತಡವಾಯಿತು. ಕೆಲಸದಲ್ಲಿ ಸತ್ತ ಕೂಲಿಗಳೂ ಇದ್ದಾರೆ. 1998ರ ಜನವರಿಗೆ ದಾರಿ ಪೂರ್ತಿಯಾಯಿತು, ಅದೇ ಮೇಯಲ್ಲಿ ಮತ್ಸ್ಯಗಂಧ ಶುರುವಾಯಿತು. ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದರೆ ಮಾರನೇ ದಿನ ಬೆಳಗಾಗುವ ಮೊದಲು ಕುಂದಾಪುರ. ಇಳಿದು ಹತ್ತುವುದಿಲ್ಲ.

ಆ ದಾರಿಯೂ ಸುಮ್ಮನೆ ಸಿಕ್ಕಿದ್ದಲ್ಲ. 2003ರ ಜೂನ್‌ನಲ್ಲಿ ವೈಭವವಾಡಿಯ ಹತ್ತಿರ ಕಾರವಾರದಿಂದ ಬರುತ್ತಿದ್ದ ಗಾಡಿ, ಮರುವರ್ಷ ಅದೇ ತಿಂಗಳು ಮತ್ಸ್ಯಗಂಧವೇ, ಮಳೆಗೆ ಜಾರಿದ ಬಂಡೆಗಳಿಂದ ಹಳಿ ತಪ್ಪಿದವು. ಸತ್ತವರಲ್ಲಿ ಊರಿನಿಂದ ಮರಳುವವರಿದ್ದರು. ಅಲ್ಲಿಂದೀಚೆಗೆ ಮಳೆಗಾಲದಲ್ಲಿ ಗಾಡಿ ನಿಧಾನವಾಗಿ ಹೋದರೆ ನಾನು ಗೊಣಗುವುದಿಲ್ಲ.

ಅಮ್ಮನಿಗೆ ಹುಷಾರಿಲ್ಲವೆಂದು ತಮ್ಮ ಫೋನ್ ಮಾಡಿದ್ದು 2007ರ ಡಿಸೆಂಬರಿನಲ್ಲಿ, ಬೆಳಿಗ್ಗೆ. ಮಧ್ಯಾಹ್ನದ ಮತ್ಸ್ಯಗಂಧದಲ್ಲಿ ನಿಂತೇ ಹೋದೆ. ಮರುದಿನ ಅವರು ಕಣ್ಣು ಬಿಟ್ಟಾಗ ಹಾಸಿಗೆಯ ಹತ್ತಿರ ಇದ್ದೆ. ಒಂಬತ್ತು ದಿನ ಇದ್ದರು. ಗಂಜಿ ಕುಡಿಸಿದೆ, ಹಳೆಯ ನೆಂಟರ ಸುದ್ದಿ ಮಾತಾಡಿದೆವು. ಅಪ್ಪನ ವಿಷಯ ಇಬ್ಬರೂ ಎತ್ತಲಿಲ್ಲ.

ಈಗಲೂ ಡಿಸೆಂಬರಿನಲ್ಲಿ ಊರಿಗೆ ಹೊರಡುವಾಗ ನಾನು ಸ್ವೆಟರ್ ತೆಗೆದಿಡುತ್ತೇನೆ. 'ಕೊಂಕಣದ ದಾರಿಯಲ್ಲಿ ಎಂಥ ಚಳಿ ಮಾರಾಯ್ರೆ, ಸುಮ್ನೆ ಭಾರ' ಎಂದು ಹೆಂಡತಿ ಹೊರಗಿಡುತ್ತಾಳೆ. ಅವಳು ಅಡುಗೆಮನೆಗೆ ಹೋದ ಮೇಲೆ ಮತ್ತೆ ಚೀಲಕ್ಕೆ ಹಾಕುತ್ತೇನೆ.