ಜಲಚಕ್ರ

ಜಲಚಕ್ರವು ಸಮುದ್ರ, ವಾಯುಮಂಡಲ ಮತ್ತು ನೆಲದ ನಡುವೆ ನೀರು ಆವಿ, ದ್ರವ ಹಾಗೂ ಹಿಮದ ರೂಪಗಳಲ್ಲಿ ನಿರಂತರವಾಗಿ ಸಂಚರಿಸುವ ನೈಸರ್ಗಿಕ ಕ್ರಿಯೆಯಾಗಿದೆ. ಸೂರ್ಯನ ಶಾಖವು ನೀರನ್ನು ಆವಿಯಾಗಿಸಿದರೆ, ಗುರುತ್ವಾಕರ್ಷಣೆಯು ಅದನ್ನು ಮಳೆಯಾಗಿ ಕೆಳಗಿಳಿಸಿ ಮರಳಿ ಕಡಲಿನತ್ತ ಹರಿಸುತ್ತದೆ. ಭೂಮಿಯ ಮೇಲಿನ ನೀರಿನ ಒಟ್ಟು ಪ್ರಮಾಣವು ಹೆಚ್ಚುಕಡಿಮೆ ಸ್ಥಿರವಾಗಿದೆ. ಆದರೆ ಆ ನೀರು ಎಲ್ಲಿ, ಯಾವ ರೂಪದಲ್ಲಿ, ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಬದಲಾಗುತ್ತಿರುತ್ತದೆ. ನೆರೆ, ಬರ ಮತ್ತು ಕುಡಿಯುವ ನೀರಿನ ಕೊರತೆಗಳನ್ನು ಅರ್ಥಮಾಡಿಕೊಳ್ಳಲು ಒಟ್ಟು ಪ್ರಮಾಣಕ್ಕಿಂತ ಇದೇ ಹೆಚ್ಚು ಮುಖ್ಯ.

ಕಾರ್ಯವಿಧಾನ

ಜಗತ್ತಿನಲ್ಲಿ ಆವಿಯಾಗುವ ನೀರಿನ ಸುಮಾರು 86% ಭಾಗ ಸಮುದ್ರಗಳದ್ದು. ಆವಿಯಾಗುವಾಗ ಉಪ್ಪು ಹಿಂದೆ ಉಳಿಯುವುದರಿಂದ ಮಳೆಯ ನೀರು ಸಿಹಿಯಾಗಿರುತ್ತದೆ. ನೆಲದ ಮೇಲೆ ಸಸ್ಯಗಳೂ ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಹೊರಬಿಡುತ್ತವೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು.

ಸಾಮಾನ್ಯ ಉಷ್ಣತೆಯಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,450 ಕಿಲೋಜೌಲ್ ಶಾಖ ಬೇಕು. ಆವಿಯಲ್ಲಿ ಅಡಗಿರುವ ಈ ಗುಪ್ತೋಷ್ಣವು, ಆವಿ ಮೇಲೇರಿ ತಣಿದು ಧೂಳಿನ ಅಥವಾ ಉಪ್ಪಿನ ಕಣಗಳ ಸುತ್ತ ಹನಿಗಟ್ಟುವಾಗ ಮರಳಿ ಬಿಡುಗಡೆಯಾಗುತ್ತದೆ. ಚಂಡಮಾರುತಗಳಿಗೆ ಬಲ ಬರುವುದು ಇದರಿಂದಲೇ. ಹೀಗೆ ಜಲಚಕ್ರವು ನೀರಿನೊಡನೆ ಶಾಖವನ್ನೂ ಭೂಮಿಯ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ.

ನೆಲಕ್ಕೆ ಬಿದ್ದ ಮಳೆಯಲ್ಲಿ ಒಂದಷ್ಟು ಮತ್ತೆ ಆವಿಯಾಗುತ್ತದೆ, ಒಂದಷ್ಟು ಹಳ್ಳ-ಹೊಳೆಗಳನ್ನು ಸೇರುತ್ತದೆ, ಉಳಿದದ್ದು ಮಣ್ಣಿನಲ್ಲಿ ಇಂಗಿ ಅಂತರ್ಜಲವಾಗುತ್ತದೆ. ಮಳೆ ನಿಂತ ಮೇಲೂ ನದಿಗಳು ಹರಿಯಲು ಹೀಗೆ ಇಂಗಿದ ನೀರು ನಿಧಾನವಾಗಿ ಒಸರುವುದು ಮುಖ್ಯ ಕಾರಣ.

ಪಶ್ಚಿಮ ಘಟ್ಟಗಳ ಉದಾಹರಣೆ

ಜಲಚಕ್ರದ ಬಹುತೇಕ ಹಂತಗಳನ್ನು ಕರ್ನಾಟಕದಲ್ಲಿ ಕಿರಿದಾದ ಪ್ರದೇಶದೊಳಗೆ ಕಾಣಬಹುದು. ನೈಋತ್ಯ ಮುಂಗಾರಿನ ಕಾಲದಲ್ಲಿ ಅರಬ್ಬೀ ಸಮುದ್ರದ ತೇವಭರಿತ ಗಾಳಿಯು ಪಶ್ಚಿಮ ಘಟ್ಟಗಳಿಗೆ ತಾಗಿ ಮೇಲೇರುತ್ತದೆ, ತಣಿಯುತ್ತದೆ ಮತ್ತು ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು. ಘಟ್ಟ ದಾಟಿ ಇಳಿಯುವ ಗಾಳಿ ಬೆಚ್ಚಗಾಗಿ ಒಣಗುವುದರಿಂದ, ಅಲ್ಲಿಂದ ಸುಮಾರು 200 ಕಿ.ಮೀ. ದೂರದ ಚಳ್ಳಕೆರೆಯ ಸೀಮೆಯಲ್ಲಿ 600 ಮಿ.ಮೀ. ಮಳೆಯೂ ಆಗುವುದಿಲ್ಲ. ಇದು ಮಳೆನೆರಳಿನ ಪ್ರದೇಶ.

ಘಟ್ಟದ ನೆತ್ತಿಯಲ್ಲಿ ಬಿದ್ದ ಹನಿಯ ದಾರಿ ಇಳಿಜಾರನ್ನು ಅವಲಂಬಿಸಿದೆ. ಪಶ್ಚಿಮಕ್ಕೆ ಹರಿದರೆ ನೇತ್ರಾವತಿಯ ಮೂಲಕ ಮಂಗಳೂರಿನ ಬಳಿ ಕಡಲು ಸೇರುತ್ತದೆ. ಪೂರ್ವಕ್ಕೆ ಹರಿದರೆ ತುಂಗಭದ್ರೆಯಾಗಿ, ಕೃಷ್ಣೆಯೊಡನೆ ಕೂಡಿ, ಪರ್ಯಾಯದ್ವೀಪವನ್ನೇ ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ.

ನೀರಿನ ವಾಸ್ತವ್ಯಕಾಲ

ಭೂಮಿಯ ನೀರಿನ ಸುಮಾರು 97% ಸಮುದ್ರಗಳಲ್ಲಿದೆ. ಸಿಹಿನೀರಿನ ಮೂರನೇ ಎರಡರಷ್ಟು ಹಿಮರಾಶಿಗಳಲ್ಲಿದ್ದು, ಉಳಿದುದರಲ್ಲಿ ಬಹುಪಾಲು ಅಂತರ್ಜಲ. ಚಕ್ರದ ವೇಗ ಎಲ್ಲೆಡೆ ಒಂದೇ ಅಲ್ಲ. ವಾಯುಮಂಡಲದಲ್ಲಿ ಆವಿಯು ಸರಾಸರಿ 9 ದಿನಗಳಷ್ಟು ಕಾಲ ಉಳಿದರೆ, ಸಮುದ್ರದಲ್ಲಿ ನೀರು ಸಾವಿರಾರು ವರ್ಷ ಉಳಿಯುತ್ತದೆ. ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಹಿಮದಲ್ಲಿ 8 ಲಕ್ಷ ವರ್ಷ ಹಳೆಯ ಪದರಗಳೂ ದೊರೆತಿವೆ.

ಇತಿಹಾಸ

ನದಿಗಳಿಗೆ ಮಳೆಯೊಂದರಿಂದಲೇ ಅಷ್ಟು ನೀರು ಬರಲಾರದು ಎಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಇತ್ತು. ಫ್ರಾನ್ಸಿನ ಪಿಯೆರ್ ಪೆರೋ ಸೇನ್ ನದಿಯ ಮೇಲ್ಭಾಗದಲ್ಲಿ ಮಳೆಯನ್ನು ಅಳೆದು, ಅಲ್ಲಿ ಬೀಳುವ ಮಳೆಯ ಸುಮಾರು ಆರನೇ ಒಂದು ಭಾಗವೇ ನದಿಯ ಹರಿವಿಗೆ ಸಾಕೆಂದು 1674ರಲ್ಲಿ ತೋರಿಸಿದರು. ಭಾರತದಲ್ಲಿ 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯು ಅಂತರ್ಜಲವನ್ನು ಪತ್ತೆಹಚ್ಚುವುದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ.

ಮಾನವನ ಪ್ರಭಾವ

ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ಆವಿಯ ಪ್ರಮಾಣ ಸುಮಾರು 7% ಹೆಚ್ಚುತ್ತದೆ. ಇದರಿಂದ ಒಂದೆಡೆ ಮಳೆ ಬಿರುಸಾಗುತ್ತದೆ, ಇನ್ನೊಂದೆಡೆ ಮಣ್ಣು ಬೇಗ ಒಣಗುತ್ತದೆ. ನಗರಗಳ ಕಾಂಕ್ರೀಟು ಮತ್ತು ಡಾಂಬರು ಇಂಗುವಿಕೆಯನ್ನು ತಡೆದು, ಅದೇ ಮಳೆಯನ್ನು ನೆರೆಯಾಗಿಸುತ್ತವೆ.

ದಕ್ಷಿಣ ಕರ್ನಾಟಕದ ಬಯಲುಸೀಮೆಯ ತಳದಲ್ಲಿ ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಶಿಲೆಗಳಿವೆ. ಈ ಗಟ್ಟಿಶಿಲೆಗಳಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಹರಿದುಹೋಗುವ ಮಳೆಯನ್ನು ತಡೆದು ನಿಲ್ಲಿಸುತ್ತಿದ್ದ ಇಲ್ಲಿನ ಸರಣಿ ಕೆರೆಗಳು ಬೇಸಾಯಕ್ಕೆ ನೀರೊದಗಿಸುವುದರ ಜೊತೆಗೆ ತೆರೆದ ಬಾವಿಗಳ ಸೆಲೆಯನ್ನೂ ಕಾಯುತ್ತಿದ್ದವು. ಕೆರೆಗಳಲ್ಲಿ ಹೂಳು ತುಂಬಿ, ಕೊಳವೆಬಾವಿಗಳು ಹೆಚ್ಚಿದಂತೆ ನೀರನ್ನು ಎತ್ತುವ ವೇಗವು ಇಂಗುವ ವೇಗವನ್ನು ಮೀರಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿಗಳನ್ನು ಕೊರೆಯಲಾಗಿದೆ. ಅಷ್ಟು ಆಳದ ಬಿರುಕುಗಳು ಬರಿದಾದರೆ, ಒಂದೆರಡು ಒಳ್ಳೆಯ ಮಳೆಗಾಲಗಳಲ್ಲಿ ಅವು ತುಂಬುವುದಿಲ್ಲ.