ಸಜ್ದಾ ನಿರ್ವಹಣೆ: ಅನುಮತಿಸಲಾದ ಹಾಗೂ ಅನಪೇಕ್ಷಿತ ವೇಳೆಗಳ ಕುರಿತು ಮಾಹಿತಿ

ಇಸ್ಲಾಂ ಧರ್ಮದ ಆರಾಧನೆಯಲ್ಲಿ ಕಿಬ್ಲಾದ ಕಡೆಗೆ ಮುಖ ಮಾಡಿ, ಹಣೆ ಮತ್ತು ಮೂಗು, ಎರಡು ಅಂಗೈ, ಎರಡು ಮೊಣಕಾಲು ಹಾಗೂ ಪಾದಗಳ ಬೆರಳುಗಳನ್ನು ನೆಲಕ್ಕೆ ತಾಗಿಸಿ ಎರಗುವುದನ್ನು ಸಜ್ದಾ ಎಂದು ಕರೆಯಲಾಗುತ್ತದೆ. ನಮಾಝಿನ ಪ್ರತಿ ರಕಅತ್‌ನಲ್ಲಿ ಎರಡು ಸಜ್ದಾಗಳಿರುತ್ತವೆ. ಇದಲ್ಲದೆ, ಕುರ್‌ಆನಿನ ನಿರ್ದಿಷ್ಟ ವಚನಗಳನ್ನು ಓದಿದಾಗ ಅಥವಾ ಕೇಳಿದಾಗ ಮಾಡುವ ತಿಲಾವತ್ ಸಜ್ದಾ ಹಾಗೂ ಕೃತಜ್ಞತಾಪೂರ್ವಕವಾದ ಶುಕ್ರ್ ಸಜ್ದಾ ಸಹ ಇವೆ. ಇವುಗಳನ್ನು ಯಾವ ವೇಳೆಯಲ್ಲಿ ಮಾಡಬಹುದು, ಯಾವ ವೇಳೆಯಲ್ಲಿ ಮಾಡಬಾರದು ಎಂಬ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇದು ಧಾರ್ಮಿಕ ತೀರ್ಪಲ್ಲ.

ರಾಜ್ಯದ ಒಳನಾಡಿನಲ್ಲಿ ಬಹುಮಟ್ಟಿಗೆ ಹನಫಿ ಪದ್ಧತಿಯೂ, ಕರಾವಳಿಯ ಬ್ಯಾರಿ ಹಾಗೂ ಭಟ್ಕಳದ ನವಾಯತ ಸಮುದಾಯಗಳಲ್ಲಿ ಬಹುಮಟ್ಟಿಗೆ ಶಾಫಿಈ ಪದ್ಧತಿಯೂ ರೂಢಿಯಲ್ಲಿವೆ. ಆದ್ದರಿಂದ ಒಂದೇ ಮಸೀದಿಯಲ್ಲಿ ಒಂದೇ ವೇಳೆಗೆ ಒಬ್ಬರು ನಮಾಝ್ ಮಾಡುವುದೂ ಪಕ್ಕದವರು ಸುಮ್ಮನೆ ಕುಳಿತಿರುವುದೂ ಉಂಟು. ಇಬ್ಬರೂ ತಮ್ಮ ತಮ್ಮ ಪದ್ಧತಿಯ ನಿಯಮದಂತೆಯೇ ನಡೆಯುತ್ತಿರಬಹುದು.

ಅನಪೇಕ್ಷಿತ ವೇಳೆಗಳು

ಹದೀಸ್ ಸಂಗ್ರಹಗಳ ಪ್ರಕಾರ ಮೂರು ವೇಳೆಗಳು ಪ್ರಮುಖವಾಗಿ ನಿಷಿದ್ಧ. ಸೂರ್ಯ ಉದಯಿಸಲಾರಂಭಿಸಿ ಒಂದು ಈಟಿಯಷ್ಟು ಮೇಲೇರುವವರೆಗೆ (ರೂಢಿಯಲ್ಲಿ ಸುಮಾರು 15ರಿಂದ 20 ನಿಮಿಷ), ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿದ್ದು ಪಶ್ಚಿಮಕ್ಕೆ ವಾಲುವವರೆಗೆ ಮತ್ತು ಸಂಜೆ ಬಿಸಿಲು ಹಳದಿಯಾದಂದಿನಿಂದ ಸೂರ್ಯಾಸ್ತದವರೆಗೆ. ಇವಲ್ಲದೆ ಫಜ್ರ್ ನಮಾಝಿನ ನಂತರ ಸೂರ್ಯೋದಯದವರೆಗೂ, ಅಸ್ರ್ ನಮಾಝಿನ ನಂತರ ಸೂರ್ಯಾಸ್ತದವರೆಗೂ ನಫಿಲ್, ಅಂದರೆ ಐಚ್ಛಿಕ ನಮಾಝನ್ನು ಮಾಡಕೂಡದೆಂದು ತಿಳಿಸಲಾಗಿದೆ. ಸೂರ್ಯಾಸ್ತದಿಂದ ಫಜ್ರ್‌ವರೆಗಿನ ರಾತ್ರಿ ಕಾಲದಲ್ಲಿ ಇಂತಹ ನಿರ್ಬಂಧವಿಲ್ಲ.

ಇದಕ್ಕೆ ಹದೀಸ್‌ನಲ್ಲಿಯೇ ಕಾರಣ ದೊರೆಯುತ್ತದೆ. ಉದಯ ಮತ್ತು ಅಸ್ತಮಾನದ ವೇಳೆಯಲ್ಲಿ ಸೂರ್ಯನಿಗೆ ಎರಗುವವರಿದ್ದುದರಿಂದ, ಅಲ್ಲಾಹನಿಗೆ ಮಾಡುವ ಸಜ್ದಾ ಅದನ್ನು ಹೋಲಬಾರದೆಂಬುದು ಉದ್ದೇಶ. ಸೂರ್ಯಚಂದ್ರರಿಗಲ್ಲದೆ ಅವುಗಳ ಸೃಷ್ಟಿಕರ್ತನಿಗೆ ಎರಗಬೇಕೆಂದು ಹೇಳುವ ಕುರ್‌ಆನಿನ ಫುಸ್ಸಿಲತ್ ಅಧ್ಯಾಯದ ಭಾಗವೇ ತಿಲಾವತ್ ಸಜ್ದಾದ ಸ್ಥಳಗಳಲ್ಲಿ ಒಂದಾಗಿರುವುದು ಗಮನಾರ್ಹ.

ಗಡಿಯಾರದ 12 ಗಂಟೆ ನಡುಹಗಲಲ್ಲ

ಮಧ್ಯಾಹ್ನ 12 ಗಂಟೆಗೆ ನಮಾಝ್ ನಿಷಿದ್ಧವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಭಾರತೀಯ ಕಾಲಮಾನವು ಪೂರ್ವ ರೇಖಾಂಶ 82.5 ಡಿಗ್ರಿಯನ್ನು ಆಧರಿಸಿದ್ದು, ಬೆಂಗಳೂರು ಸುಮಾರು 77.6 ಹಾಗೂ ಮಂಗಳೂರು ಸುಮಾರು 74.9 ಡಿಗ್ರಿಯಲ್ಲಿವೆ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದಲ್ಲಿ, ಸೂರ್ಯ ನೆತ್ತಿಗೆ ಬರುವುದು ಬೆಂಗಳೂರಿನಲ್ಲಿ ಸರಾಸರಿ 12.20ಕ್ಕೆ, ಮಂಗಳೂರಿನಲ್ಲಿ ಸರಾಸರಿ 12.30ಕ್ಕೆ. ಇದೂ ಸಹ ವರ್ಷವಿಡೀ ಸ್ಥಿರವಲ್ಲ. ಬೆಂಗಳೂರಿನಲ್ಲಿಯೇ ನವೆಂಬರ್ ಮೊದಲ ವಾರದಲ್ಲಿ ಸುಮಾರು 12.03ಕ್ಕೂ, ಫೆಬ್ರವರಿ ಮಧ್ಯಭಾಗದಲ್ಲಿ ಸುಮಾರು 12.34ಕ್ಕೂ ನಡುಹಗಲಾಗುತ್ತದೆ. ಆದುದರಿಂದ ಬೇರೆ ಊರಿನ ವೇಳಾಪಟ್ಟಿಯನ್ನಾಗಲೀ ಬೇರೆ ತಿಂಗಳಿನದನ್ನಾಗಲೀ ಅನುಸರಿಸುವುದು ಸೂಕ್ತವಲ್ಲ.

ಜನರ ಮಾತಿನಲ್ಲಿ ಈ ನಿಷಿದ್ಧ ವೇಳೆಯನ್ನೇ 'ಝವಾಲ್' ಎನ್ನುವುದುಂಟು. ವಾಸ್ತವವಾಗಿ ಝವಾಲ್ ಎಂದರೆ ಸೂರ್ಯ ವಾಲುವುದು. ಅಲ್ಲಿಗೆ ನಿಷೇಧ ಮುಗಿದು ಝುಹರ್ ವೇಳೆ ಆರಂಭವಾಗುತ್ತದೆ. ಕೆಲವು ಹನಫಿ ವೇಳಾಪಟ್ಟಿಗಳು ಅರುಣೋದಯ ಮತ್ತು ಸೂರ್ಯಾಸ್ತಗಳ ಮಧ್ಯಬಿಂದುವಾದ ಝಹ್ವಾ-ಎ-ಕುಬ್ರಾದಿಂದಲೇ ನಿಷೇಧವನ್ನು ಗಣಿಸುವುದರಿಂದ, ಅವುಗಳಲ್ಲಿ ಈ ಅವಧಿ ಅರ್ಧ ಗಂಟೆಗೂ ಮೀರಿ ಕಾಣಿಸುತ್ತದೆ. ಎರಡು ವೇಳಾಪಟ್ಟಿಗಳು ತಾಳೆಯಾಗದಿದ್ದರೆ ಮುದ್ರಣದೋಷವೆಂದು ಕೂಡಲೇ ಭಾವಿಸಬಾರದು.

ಪದ್ಧತಿವಾರು ವ್ಯತ್ಯಾಸ

ಹನಫಿ ಪದ್ಧತಿಯಲ್ಲಿ ಮೇಲೆ ತಿಳಿಸಿದ ಮೊದಲ ಮೂರು ವೇಳೆಗಳಲ್ಲಿ ತಪ್ಪಿಹೋದ ಕಡ್ಡಾಯ ನಮಾಝನ್ನು ಕಝಾ ಆಗಿ ಮಾಡುವುದೂ ಸಲ್ಲದು. ಆ ದಿನದ ಅಸ್ರ್ ನಮಾಝ್ ಮಾತ್ರ ಅಪವಾದ. ಅದನ್ನು ಅಷ್ಟು ತಡಮಾಡುವುದು ತಪ್ಪಾದರೂ ಸೂರ್ಯಾಸ್ತದ ವೇಳೆಯಲ್ಲಿಯೂ ಮಾಡಲೇಬೇಕು. ಫಜ್ರ್ ನಮಾಝಿನ ನಡುವೆ ಸೂರ್ಯೋದಯವಾದರೆ ಅದನ್ನು ಸೂರ್ಯ ಮೇಲೇರಿದ ನಂತರ ಮತ್ತೆ ಮಾಡಬೇಕಾಗುತ್ತದೆ. ಫಜ್ರ್ ಹಾಗೂ ಅಸ್ರ್ ನಂತರದ ಉಳಿದ ಅವಧಿಗಳಲ್ಲಿ ನಫಿಲ್ ಮಾತ್ರ ವರ್ಜ್ಯ. ಕಝಾ ನಮಾಝ್ ಹಾಗೂ ತಿಲಾವತ್ ಸಜ್ದಾಕ್ಕೆ ಅಡ್ಡಿಯಿಲ್ಲ.

ಶಾಫಿಈ ಪದ್ಧತಿಯಲ್ಲಿ ನಿಷೇಧವು ಕಾರಣವಿಲ್ಲದ ನಫಿಲ್‌ಗೆ ಅನ್ವಯಿಸುತ್ತದೆ. ಮಸೀದಿ ಪ್ರವೇಶದ ನಮಾಝ್, ಗ್ರಹಣದ ನಮಾಝ್, ಕಝಾ, ತಿಲಾವತ್ ಹಾಗೂ ಶುಕ್ರ್ ಸಜ್ದಾಗಳಿಗೆ ನಿರ್ದಿಷ್ಟ ಕಾರಣವಿರುವುದರಿಂದ ಯಾವುದೇ ವೇಳೆಯಲ್ಲಿ ಮಾಡಬಹುದು. ಆದರೆ ನಿಷಿದ್ಧ ವೇಳೆಯನ್ನೇ ಬೇಕೆಂದು ಆಯ್ದುಕೊಳ್ಳಬಾರದು. ಶುಕ್ರವಾರದ ನಡುಹಗಲಿಗೂ ಈ ಪದ್ಧತಿಯಲ್ಲಿ ವಿನಾಯಿತಿಯಿದೆ.

ತಿಲಾವತ್ ಸಜ್ದಾವು ಹನಫಿಗಳಲ್ಲಿ ವಾಜಿಬ್, ಶಾಫಿಈಗಳಲ್ಲಿ ಸುನ್ನತ್. ಎರಡರಲ್ಲೂ ಸ್ಥಳಗಳು 14. ಆದರೆ ಹನಫಿಗಳು ಸ್ವಾದ್ ಅಧ್ಯಾಯದ ಸಜ್ದಾವನ್ನು ಎಣಿಸಿದರೆ, ಶಾಫಿಈಗಳು ಅದರ ಬದಲು ಹಜ್ ಅಧ್ಯಾಯದ ಎರಡನೆಯದನ್ನು ಎಣಿಸುತ್ತಾರೆ. ಹನಫಿ ಪದ್ಧತಿಯಂತೆ, ಮೊದಲೇ ಓದಿದ ವಚನದ ಸಜ್ದಾವನ್ನು ಮೂರು ನಿಷಿದ್ಧ ವೇಳೆಗಳಲ್ಲಿ ಮಾಡಬಾರದು. ವಚನವನ್ನು ಅದೇ ವೇಳೆಯಲ್ಲಿ ಓದಿದ್ದಲ್ಲಿ ಆಗಲೇ ಮಾಡಿದರೂ ಸಲ್ಲುತ್ತದೆ. ವೇಳೆ ಕಳೆದ ನಂತರ ಮಾಡುವುದು ಉತ್ತಮ. ಬೆಳಿಗ್ಗೆ ಫಜ್ರ್ ಮುಗಿಸಿ ಕುರ್‌ಆನ್ ಪಠಣಕ್ಕೆ ಕೂರುವವರಿಗೆ ಈ ನಿಯಮ ಹೆಚ್ಚಾಗಿ ಉಪಯೋಗಕ್ಕೆ ಬರುತ್ತದೆ.

ಜನಾಝಾ ಮತ್ತು ದಫನ್

ಜನಾಝಾ ನಮಾಝಿನಲ್ಲಿ ಸಜ್ದಾ ಇರುವುದಿಲ್ಲ. ಆದಾಗ್ಯೂ ಹದೀಸ್‌ನಲ್ಲಿ ಮೂರು ವೇಳೆಗಳಲ್ಲಿ ದಫನ್ ಮಾಡಬಾರದೆಂಬ ಮಾತೂ ಇರುವುದರಿಂದ ಕುಟುಂಬದವರು ಗೊಂದಲಕ್ಕೀಡಾಗುತ್ತಾರೆ. ದುಃಖದಲ್ಲಿರುವವರನ್ನು ಖಬರಸ್ಥಾನದ ಬಾಗಿಲಲ್ಲಿ ಈ ಕಾರಣಕ್ಕಾಗಿ ಅನಗತ್ಯವಾಗಿ ಕಾಯಿಸುವುದು ತರವಲ್ಲ. ಹನಫಿ ವಿದ್ವಾಂಸರು ಇಲ್ಲಿ ದಫನ್ ಎಂಬುದನ್ನು ಜನಾಝಾ ನಮಾಝ್ ಎಂದು ಅರ್ಥೈಸಿದ್ದಾರೆ. ಪಾರ್ಥಿವ ಶರೀರ ಮೊದಲೇ ಸಿದ್ಧವಿದ್ದು ಆ ವೇಳೆಯವರೆಗೆ ತಡಮಾಡುವುದು ಅನಪೇಕ್ಷಿತ; ಆ ವೇಳೆಯಲ್ಲಿಯೇ ಬಂದು ತಲುಪಿದಲ್ಲಿ ನಮಾಝ್ ನೆರವೇರಿಸಬಹುದು. ಶಾಫಿಈ ಪದ್ಧತಿಯಲ್ಲಿ ಆ ವೇಳೆಯನ್ನು ಉದ್ದೇಶಪೂರ್ವಕವಾಗಿ ಆರಿಸಿಕೊಳ್ಳುವುದು ಮಾತ್ರ ಅನಪೇಕ್ಷಿತ.

ಹಜ್ ಹಾಗೂ ಉಮ್ರಾ ಯಾತ್ರಿಗಳ ಗಮನಕ್ಕೆ

ಮಕ್ಕಾದಲ್ಲಿ ಕಾಬಾದ ತವಾಫ್ ಅನ್ನು ದಿನದ ಯಾವುದೇ ವೇಳೆಯಲ್ಲಿ ಮಾಡಬಹುದು. ತವಾಫ್‌ನ ನಂತರದ ಎರಡು ರಕಅತ್ ನಮಾಝನ್ನು ಶಾಫಿಈ ಯಾತ್ರಿಗಳು ಕೂಡಲೇ ಮಾಡುತ್ತಾರೆ. ಆ ಪುಣ್ಯಸ್ಥಳಕ್ಕೆ ವೇಳೆಯ ನಿಷೇಧ ಅನ್ವಯಿಸದೆಂಬುದು ಅವರ ಪದ್ಧತಿ. ಹನಫಿ ಯಾತ್ರಿಗಳು ಫಜ್ರ್ ನಂತರ ತವಾಫ್ ಮಾಡಿದ್ದಲ್ಲಿ ಸೂರ್ಯ ಮೇಲೇರಿದ ನಂತರ, ಅಸ್ರ್ ನಂತರ ಮಾಡಿದ್ದಲ್ಲಿ ಸೂರ್ಯಾಸ್ತವಾಗಿ ಮಗ್ರಿಬ್‌ನ ಕಡ್ಡಾಯ ನಮಾಝ್ ಮುಗಿದ ನಂತರ ಅವನ್ನು ಮಾಡತಕ್ಕದ್ದು. ಖಲೀಫ ಉಮರ್ ಅವರು ಫಜ್ರ್ ನಂತರ ತವಾಫ್ ಮುಗಿಸಿ ಹೊರಟು, ಸೂರ್ಯೋದಯದ ನಂತರ ಝೂ ತುವಾ ಎಂಬಲ್ಲಿ ಈ ನಮಾಝನ್ನು ಮಾಡಿದರೆಂಬ ವರದಿಯನ್ನು ಇದಕ್ಕೆ ಆಧಾರವಾಗಿ ಹೇಳಲಾಗುತ್ತದೆ. ಆದುದರಿಂದ ಜೊತೆಗಾರರು ನಮಾಝ್ ಮಾಡುತ್ತಿರುವರೆಂದು ಗಾಬರಿಯಾಗುವ ಅಗತ್ಯವಿಲ್ಲ. ಈ ಎರಡು ರಕಅತ್‌ಗಳನ್ನು ತಂಗುವ ಸ್ಥಳದಲ್ಲಿ ಮಾಡಿದರೂ ಸಲ್ಲುತ್ತದೆ.