ದಪ್ಪ ದಾರ, ಸಣ್ಣ ದಾರ: ಗಾಳದ ಗಂಟಿನ ಚರಿತ್ರೆ

ಗಾಳದ ದಾರ ಹರಿಯುವುದು ಹೆಚ್ಚಾಗಿ ಗಂಟಿನ ಬಳಿ. ಎಳೆ ಎಷ್ಟೇ ಗಟ್ಟಿಯಿರಲಿ, ಬಗ್ಗಿಸಿ ಬಿಗಿದ ಜಾಗದಲ್ಲಿ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ನಲುಗುತ್ತದೆ. ಬರಿಯ ಒಂಟಿ ಗಂಟು ನೈಲಾನ್ ಎಳೆಯ ಬಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬಲ್ಲದು. ಎರಡು ಬಗೆಯ ದಾರಗಳನ್ನು ಕೂಡಿಸುವಾಗ ತೊಡಕು ಇನ್ನೂ ಹೆಚ್ಚು. ದಪ್ಪ ದಾರ ಸುಲಭವಾಗಿ ಬಾಗುವುದಿಲ್ಲ, ಸಣ್ಣದು ದಪ್ಪದ ಮೈಯನ್ನು ಕೊರೆಯುತ್ತದೆ, ನುಣುಪಾದದ್ದು ಜಾರಿಕೊಳ್ಳುತ್ತದೆ. ಹೊಸ ನಾರು ಬಂದಾಗಲೆಲ್ಲ ಹಳೆಯ ಗಂಟು ಸೋತಿದೆ, ಮೀನುಗಾರರು ಮತ್ತೊಂದನ್ನು ಹುಡುಕಿಕೊಂಡಿದ್ದಾರೆ.

ದಾರಗಳನ್ನು ಕೂಡಿಸುವ ಅಗತ್ಯಕ್ಕೆ ಒಂದು ಉದಾಹರಣೆ: ಹಿರಿಯೂರು ತಾಲ್ಲೂಕಿನ ಆದಿವಾಲದ ಸುತ್ತಿನದು ಮಳೆ ಕಡಿಮೆ ಬೀಳುವ ಬಯಲುಸೀಮೆ. ಇಲ್ಲಿ ಮೀನುಗಾರಿಕೆ ಎಂದರೆ ಮೊದಲು ಕೆರೆ, ಆಮೇಲೆ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿಸಿ 1907ರಲ್ಲಿ ಮುಗಿಸಿದ ಈ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಸುಮಾರು 30 ಟಿಎಂಸಿ ನೀರು ಹಿಡಿಯುವ ಜಲಾಶಯ. ಅದರ ಗರಿಷ್ಠ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಹೀಗೆ ಏರಿಳಿಯುವ ನೀರಿನಲ್ಲಿ ಬಂಡೆ, ಬೊಡ್ಡೆ, ಮುಳುಗಿದ ಪೊದೆಗಳು ದಾರಕ್ಕೆ ಸದಾ ಅಪಾಯ. ಆದ್ದರಿಂದ ಗಾಳದ ಹತ್ತಿರ ಉಜ್ಜಾಟ ತಾಳುವ ದಪ್ಪ ದಾರ ಬೇಕು, ದೂರ ಬೀಸಲು ಉಳಿದ ಉದ್ದಕ್ಕೆ ಸಣ್ಣ ದಾರ ಬೇಕು. ಎರಡರ ನಡುವೆ ಒಂದು ಗಂಟು ಬಂದೇ ಬರುತ್ತದೆ.

ಇಂಥ ಗಂಟುಗಳಲ್ಲಿ ಅತಿ ಹಳೆಯ ಜಾತಿಯದು ಬಲೆಯ ಕಣ್ಣಿನಲ್ಲಿದೆ. ಒಂದು ಎಳೆಯನ್ನು ಮಡಿಸಿ ಕುಣಿಕೆ ಮಾಡಬೇಕು. ಇನ್ನೊಂದನ್ನು ಕುಣಿಕೆಯೊಳಗಿಂದ ಮೇಲೆ ತಂದು, ಅದರ ಬೆನ್ನ ಹಿಂದೆ ಸುತ್ತಿಸಿ, ತನ್ನದೇ ಎಳೆಯ ಕೆಳಗೆ ತೂರಿಸಬೇಕು. ಕೈಯಲ್ಲಿ ಬಲೆ ಹೆಣೆಯುವವರು ಕಣ್ಣಿಗೊಂದರಂತೆ ಹಾಕುವುದು ಇದನ್ನೇ. ಮಗ್ಗದಲ್ಲಿ ಕಡಿದ ನೂಲನ್ನು ಕೂಡಿಸುವ ನೇಕಾರರ ಗಂಟಿನ ರಚನೆಯೂ ಇದೇ. ಎರಡು ದಾರಗಳ ದಪ್ಪ ಬೇರೆಯಾದರೆ ದಪ್ಪದ್ದು ಕುಣಿಕೆಯಾಗುತ್ತದೆ, ಸಣ್ಣದು ಸುತ್ತಿಕೊಳ್ಳುತ್ತದೆ. ವ್ಯತ್ಯಾಸ ತೀರ ಹೆಚ್ಚಿದ್ದರೆ ಎರಡು ಸುತ್ತು. ಹತ್ತಿ, ಸೆಣಬುಗಳ ಒರಟು ಹುರಿಗೆ ಇಷ್ಟು ಸಾಕಾಗಿತ್ತು, ಏಕೆಂದರೆ ನೆನೆದಾಗ ಆ ನಾರು ಉಬ್ಬಿ ಗಂಟನ್ನು ತಾನೇ ಬಿಗಿಯುತ್ತದೆ. ದಪ್ಪದ್ದು ಮಡಿಯಲಿ, ಸಣ್ಣದು ಸುತ್ತಲಿ ಎಂಬ ನಿಯಮ ಮುಂದಿನ ಎಷ್ಟೋ ಗಂಟುಗಳ ತಳಹದಿ. ಅದನ್ನು ಕಂಡುಕೊಂಡವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಈ ಚರಿತ್ರೆಯಲ್ಲಿ ಹೆಚ್ಚಿನ ಪಾಲು ಬಲೆ ಹೆಣೆದವರಿಗೂ ನೂಲು ಕೂಡಿಸಿದವರಿಗೂ ಸಲ್ಲಬೇಕು.

ಬರಹದಲ್ಲಿ ಗಾಳದ ವಿಷಯ ಕನ್ನಡನಾಡಿನಲ್ಲಿ ಬಹಳ ಬೇಗ ಕಾಣಿಸಿಕೊಳ್ಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆ ಒಂದು ಅಧ್ಯಾಯವೇ ಇದೆ. ಮೀನಿನ ಜಾತಿಗಳು, ಅವಕ್ಕೆ ಒಗ್ಗುವ ಎರೆ, ಕೋಲು, ದಾರ ಎಲ್ಲವನ್ನೂ ಅರಸ ವಿವರಿಸುತ್ತಾನೆ. ಮತ್ಸ್ಯವಿಜ್ಞಾನಿ ಸುಂದರ್‌ಲಾಲ್ ಹೋರಾ ಇದರ ಮೇಲೆ 1951ರಲ್ಲಿ ವಿಶೇಷ ಅಧ್ಯಯನ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಗಾಳದ ಮೊದಲ ಮುದ್ರಿತ ಕೈಪಿಡಿ ಬಂದದ್ದು 1496ರಲ್ಲಿ. ಅದು ಕುದುರೆಬಾಲದ ಕೂದಲನ್ನು ಹೊಸೆದು, ತುಂಡುಗಳನ್ನು ಗಂಟಿಕ್ಕಿ ಉದ್ದ ಮಾಡುವುದನ್ನು ಕಲಿಸುತ್ತದೆ. ಕೂದಲು ಗಿಡ್ಡ, ದಾರ ಉದ್ದ. ಹಾಗಾಗಿ ಅಲ್ಲಿ ಗಂಟು ಹಾಕುವುದೇ ಅರ್ಧ ಕಸುಬು.

ಕೂದಲಿನ ಬದಲಿಗೆ ಬಂದದ್ದು ರೇಷ್ಮೆಹುಳುವಿನ ತಂತು. ನೂಲು ತೆಗೆಯುವ ಬದಲು, ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಅದರ ರೇಷ್ಮೆಗ್ರಂಥಿಯನ್ನು ಹೊರತೆಗೆದು ಒಂದೇ ಎಳೆಯಾಗಿ ಎಳೆಯುತ್ತಿದ್ದರು. ಈ ಕೈಗಾರಿಕೆಯ ತವರು ಸ್ಪೇನಿನ ಮುರ್ಸಿಯಾ. ಒಂದು ಹುಳುವಿನ ತಂತು ಒಂದೂವರೆ ಅಡಿ ಬಂದರೆ ಅದೇ ಹೆಚ್ಚು. ಗಾಳದ ಬದಿಯ ತುಂಡಿಗೆ ದಪ್ಪದಿಂದ ತೆಳುವಿಗೆ ಇಳಿಯುವ ಐದಾರು ಎಳೆಗಳನ್ನು ಸಾಲಾಗಿ ಗಂಟಿಕ್ಕಬೇಕಾಗಿತ್ತು. ಒಣಗಿದ ತಂತು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಗಂಟಿಗೆ ಮೊದಲು ನೀರಲ್ಲಿ ನೆನೆಸುವುದು ಕಡ್ಡಾಯ.

ರೇಷ್ಮೆತಂತುವಿನ ಕಾಲದ ಗಾಳದ ವಿದ್ಯೆಯನ್ನು ಭಾರತದ ಹೊಳೆಗಳಿಗೆ ಹೊಂದಿಸಿ ಬರೆದ ಮುಖ್ಯ ಪುಸ್ತಕ ಹುಟ್ಟಿದ್ದು ಕರಾವಳಿಯಲ್ಲಿ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅದರ ಮುಖ್ಯ ಪಾತ್ರ ಮಹಶೀರ್. ಬಂಡೆಗಳ ನಡುವಿನ ಸೆಳವಿನಲ್ಲಿ ಬಾಳುವ ಈ ಮೀನು ಮೊದಲ ಓಟದಲ್ಲೇ ದಾರದ ಪ್ರತಿ ಗಂಟನ್ನೂ ಪರೀಕ್ಷೆಗೆ ಒಡ್ಡುತ್ತದೆ. ಮೈಸೂರಿನಲ್ಲಿ ಬೇಟೆಯ ಪ್ರಾಣಿಗಳ ಚರ್ಮ ತುಂಬಿಸುವ ಕಸುಬಿನ ವಾನ್ ಇಂಗನ್ ಸಹೋದರರಲ್ಲೊಬ್ಬರು 1946ರಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು. ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ.

ರೇಷ್ಮೆತಂತುವಿನ ಯುಗದ ದೊಡ್ಡ ಕೊಡುಗೆ ಪೀಪಾಯಿ ಗಂಟು. ಇಂಗ್ಲಿಷ್ ಗಾಳಗಾರರು ಇದನ್ನು 'ಬ್ಲಡ್ ನಾಟ್' ಎಂದೂ ಕರೆದರು. ಚೇಟರ್ ಎಂಬ ಲೇಖಕ 1910ರ ತನ್ನ ಪುಸ್ತಕದಲ್ಲಿ ಇದನ್ನು ಬಹಿರಂಗಪಡಿಸಿದ. ಎರಡು ತುದಿಗಳನ್ನು ಎದುರುಬದುರು ಇಟ್ಟು, ಒಂದರ ಮೇಲೊಂದನ್ನು ಸುತ್ತಿ, ಎರಡೂ ತುದಿಗಳನ್ನು ನಡುವಿನ ಸಂದಿಯಲ್ಲಿ ವಿರುದ್ಧ ದಿಕ್ಕುಗಳಿಂದ ತೂರಿಸಿ ಎಳೆದರೆ ಸುತ್ತುಗಳು ಒತ್ತಾಗಿ ಕೂರುತ್ತವೆ. ಒಂದೇ ದಪ್ಪದ ಎಳೆಗಳಿಗೆ ಇದಕ್ಕಿಂತ ಅಚ್ಚುಕಟ್ಟಾದ ಗಂಟು ಸಿಗುವುದು ಕಷ್ಟ. ದಪ್ಪ ಬೇರೆಯಾದರೆ ಮಾತ್ರ ಸಣ್ಣದು ಜಾರುತ್ತದೆ. ಅದನ್ನು ಮಡಿಸಿ ಎರಡೆಳೆ ಮಾಡಿ ಸುತ್ತಬೇಕಾಗುತ್ತದೆ.

1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ನೈಲಾನನ್ನು ಪ್ರಕಟಿಸಿದ ಮೇಲೆ ಕಸುಬಿನ ಲೆಕ್ಕವೇ ತಿರುಗಿತು. ನೂರಾರು ಗಜ ಗಂಟಿಲ್ಲದ ಎಳೆ, ಕೊಳೆಯದ ಬಲೆ! ಹತ್ತಿ ಬಲೆಯನ್ನು ದಿನವೂ ಒಣಗಿಸಿ, ಕಾಲಕಾಲಕ್ಕೆ ಚೊಗರು ಕಷಾಯದಲ್ಲಿ ಅದ್ದುವ ಶ್ರಮ ತಪ್ಪಿತು. ಭಾರತದಲ್ಲಿ 1957ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕೃತಕ ನಾರಿನ ಬಲೆಗಳ ಮೇಲೆ ಕೆಲಸ ಮಾಡಿತು. ಕ್ರಮೇಣ ಒಳನಾಡಿನ ಕೆರೆ, ಜಲಾಶಯಗಳಲ್ಲೂ ನೈಲಾನೇ ರೂಢಿಯಾಯಿತು. ಆದರೆ ನೈಲಾನ್ ನುಣುಪು, ಹತ್ತಿಯಂತೆ ಉಬ್ಬಿ ಹಿಡಿಯುವುದಿಲ್ಲ. ಹಳೆಯ ಬಲೆಗಂಟು ಅದರಲ್ಲಿ ಸರಿದಾಡುತ್ತದೆ. ಕಣ್ಣಿಗೆ ಜೋಡಿ ಸುತ್ತು ಹಾಕಬೇಕಾಗುತ್ತದೆ, ಇಲ್ಲವೆ ಗಂಟನ್ನು ಶಾಖದಿಂದ ಕೂರಿಸಬೇಕಾಗುತ್ತದೆ. ಗಾಳದ ಗಂಟಿಗೂ ಸುತ್ತುಗಳು ಹೆಚ್ಚಿದವು. ಬಿಗಿಯುವಾಗಿನ ಉಜ್ಜಾಟದ ಬಿಸಿಯೇ ಎಳೆಯನ್ನು ಕೆಡಿಸುವುದರಿಂದ ಎಂಜಲು ಅಥವಾ ನೀರು ಹಚ್ಚಿ ನಿಧಾನವಾಗಿ ಎಳೆಯುವುದು ನಿಯಮವಾಯಿತು.

ದಪ್ಪ, ಸಣ್ಣ ನೈಲಾನ್‌ಗಳ ಕೂಡಿಕೆಗೆ ಫ್ಲಾರಿಡಾದಿಂದ ಎರಡು ಒಳ್ಳೆಯ ಉತ್ತರಗಳು ಬಂದವು. ಮೀನುಗಾರಿಕೆಯ ಮಾರ್ಗದರ್ಶಿ ಜಿಮ್ಮಿ ಆಲ್‌ಬ್ರೈಟ್ ಹೆಸರಿನ ಗಂಟಿನಲ್ಲಿ ದಪ್ಪ ದಾರ ಮಡಿದು ಕುಣಿಕೆಯಾಗುತ್ತದೆ, ಸಣ್ಣದು ಅದರ ಮೇಲೆ ಹತ್ತು ಹನ್ನೆರಡು ಸುತ್ತು ಸುತ್ತಿ ಅದೇ ಕುಣಿಕೆಯಿಂದ ಹೊರಬರುತ್ತದೆ. ಅದು ಬಲೆಗಂಟಿನ ಹಳೆಯ ನಿಯಮವೇ. ಬರಹಗಾರ ವಿಕ್ ಡನವೇ ಪ್ರಚಾರಕ್ಕೆ ತಂದ ಜೋಡಿ ಯೂನಿ ಗಂಟು ಎಂದರೆ ಎರಡು ಜೀರುಗುಣಿಕೆಗಳು. ಪ್ರತಿ ದಾರವೂ ಇನ್ನೊಂದರ ಸುತ್ತ ಒಂದು ಕುಣಿಕೆ ಕಟ್ಟುತ್ತದೆ. ಎರಡನ್ನೂ ಎದುರುಬದುರು ಎಳೆದರೆ ಅವು ಸರಿದು ಬಂದು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ.

1990ರ ದಶಕದಲ್ಲಿ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರ ಬಂದಿತು. ಅದು ಅದೇ ಬಲದ ನೈಲಾನ್‌ಗಿಂತ ಬಹಳ ತೆಳು, ಹಿಗ್ಗುವುದೇ ಇಲ್ಲ ಎನ್ನಬಹುದು, ಜಾರುವುದು ಇನ್ನೂ ಹೆಚ್ಚು. ಬಂಡೆಗೆ ತಾಗಿದರೆ ಬೇಗ ಹರಿಯುವುದರಿಂದ ತುದಿಗೆ ದಪ್ಪ ನೈಲಾನ್ ಕೂಡಿಸಲೇಬೇಕು. ಗಂಟು ದಪ್ಪವಾದರೆ ಕೋಲಿನ ಉಂಗುರಗಳಲ್ಲಿ ಸಿಕ್ಕಿ ಬೀಸು ನಿಲ್ಲುತ್ತದೆ. ಈ ತೊಡಕಿಗೆ ಹುಟ್ಟಿದ 'ಎಫ್‌ಜಿ' ಗಂಟಿನಲ್ಲಿ ನೈಲಾನ್ ಎಲ್ಲೂ ಬಾಗುವುದಿಲ್ಲ. ಹೆಣೆದ ದಾರ ಅದರ ಮೇಲೆ ಎಡಬಲ ಅಡ್ಡಹಾಯುತ್ತ ಇಪ್ಪತ್ತರಷ್ಟು ಸುತ್ತು ಹೆಣೆದು, ಎಳೆದಷ್ಟೂ ಕಚ್ಚುತ್ತದೆ. ಹಿರಿಯೂರಿನ ಜಿಲ್ಲೆಯಲ್ಲೇ ಇರುವ ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದ ಊರು. ಕೈಮಗ್ಗದವರು ಮುಗಿದ ಹಾಸಿನ ಎಳೆಗೆ ಹೊಸ ಹಾಸಿನ ಎಳೆಯನ್ನು ಗಂಟಿಲ್ಲದೆ ಬೆರಳಲ್ಲೇ ಹೊಸೆದು ಕೆಚ್ಚುತ್ತಾರೆ, ಗಂಟಾದರೆ ಎಳೆ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೋಲಿನ ಉಂಗುರವೂ ಮಗ್ಗದ ಹಣಿಗೆಯೂ ಕೇಳುವುದು ಒಂದನ್ನೇ, ಕೂಡಿಕೆ ತೆಳುವಾಗಿರಲಿ ಎಂದು.

ಬಲದಲ್ಲಿ ಎಫ್‌ಜಿ ಮುಂದು. ಸರಿಯಾಗಿ ಹಾಕಿದರೆ ದಾರದ ಬಲ ಹೆಚ್ಚು ನಷ್ಟವಾಗುವುದಿಲ್ಲ. ಆದರೆ ಅದಕ್ಕೆ ಎರಡೂ ಕೈ, ಬಿಗಿದು ಹಿಡಿದ ದಾರ, ಬಿಡುವು ಬೇಕು. ಮನೆಯಲ್ಲೇ ಕಟ್ಟಿಕೊಂಡು ಬರುವುದು ಲೇಸು. ಸಂಜೆಗತ್ತಲಲ್ಲಿ, ಒದ್ದೆ ಕೈಯಲ್ಲಿ, ಹಿನ್ನೀರಿನ ದಂಡೆಯಲ್ಲಿ ದಾರ ಹರಿದಾಗ ನೆಚ್ಚಬಹುದಾದದ್ದು ಜೋಡಿ ಯೂನಿ: ಹೆಣೆದ ದಾರಕ್ಕೆ ಎಂಟು ಸುತ್ತು, ದಪ್ಪ ನೈಲಾನ್‌ಗೆ ನಾಲ್ಕು. ಕತ್ತರಿಸಿದ ತುಂಡನ್ನು ದಂಡೆಯಲ್ಲಿ ಬಿಡದೆ ಜೇಬಿಗೆ ಹಾಕಿಕೊಳ್ಳಬೇಕು. ನೈಲಾನ್ ಕೊಳೆಯುವುದಿಲ್ಲ, ನೀರಹಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಬಿಚ್ಚುವವರು ಯಾರೂ ಇರುವುದಿಲ್ಲ.